ಗಂಧಕಕ್ಕೊಂದು ಗೂಟ

ಮುಂಬೈಯ ಚೆಂಬೂರಿನಿಂದ ಸಮುದ್ರದ ಕಡೆ ಸರಿದರೆ ಮಾಹುಲ್ ಸಿಗುತ್ತದೆ. ಮೊದಲು ಅದು ಕೋಲಿ ಬೆಸ್ತರ ಊರು. 1950ರ ದಶಕದ ನಡುವಿನಲ್ಲಿ ಅಲ್ಲಿ ಒಂದರ ಬೆನ್ನಿಗೊಂದು ಎರಡು ತೈಲ ಶುದ್ಧೀಕರಣ ಕಾರ್ಖಾನೆಗಳು ಎದ್ದವು. ಆಗ ಅವು ವಿದೇಶಿ ಕಂಪನಿಗಳವು, ಈಗ ಎಚ್‌ಪಿಸಿಎಲ್ ಮತ್ತು ಬಿಪಿಸಿಎಲ್. ಕಚ್ಚಾ ತೈಲದ ಜೊತೆ ಈ ಕಾರ್ಖಾನೆಗಳೊಳಗೆ ಯಾರೂ ಕರೆಯದ ಅತಿಥಿಯೊಂದು ಬರುತ್ತದೆ, ಗಂಧಕ. ಅದನ್ನು ತೈಲದಲ್ಲೇ ಬಿಟ್ಟರೆ ಎಂಜಿನ್ನಿನಲ್ಲಿ ಉರಿದು ಊರಿನ ಗಾಳಿಯನ್ನೆಲ್ಲ ಕೆಡಿಸುತ್ತದೆ. ಹಾಗಾಗಿ ತೈಲವನ್ನು ಹೈಡ್ರೋಜನ್ ಜೊತೆ ಕಾಯಿಸಿ, ಗಂಧಕವನ್ನು ಕೊಳೆತ ಮೊಟ್ಟೆ ನಾತದ ಹೈಡ್ರೋಜನ್ ಸಲ್ಫೈಡ್ ಅನಿಲವಾಗಿ ಹೊರಗೆಳೆಯುತ್ತಾರೆ. ಆ ಅನಿಲವನ್ನು ಅರೆಬರೆ ಉರಿಸಿ ಮತ್ತೆ ಗಂಧಕವಾಗಿಸುವ ವಿಧಾನ 1883ರಷ್ಟು ಹಳೆಯದು, ಕಾರ್ಲ್ ಫ್ರೆಡ್ರಿಕ್ ಕ್ಲಾಸ್ ಎಂಬ ರಸಾಯನ ತಜ್ಞನದು. ಕೊನೆಗೆ ಕೈಗೆ ಸಿಗುವುದು ಅಚ್ಚ ಹಳದಿಯ ಗಂಧಕ.

2020ರ ಏಪ್ರಿಲ್ 1ರಿಂದ ಈ ಹಳದಿ ವಸ್ತುವಿನ ಪ್ರಮಾಣ ಇನ್ನಷ್ಟು ಹೆಚ್ಚಿತು. ಅಂದು ದೇಶವಿಡೀ ಬಿಎಸ್-6 ಇಂಧನ ಬಂತು. ಪೆಟ್ರೋಲ್, ಡೀಸೆಲ್‌ಗಳಲ್ಲಿ ಹತ್ತು ಲಕ್ಷ ಪಾಲಿಗೆ 50 ಪಾಲು ಇರಬಹುದಾಗಿದ್ದ ಗಂಧಕದ ಮಿತಿ ಒಮ್ಮೆಲೇ 10ಕ್ಕೆ ಇಳಿಯಿತು. ಮಾಹುಲ್‌ನಲ್ಲಿ ನಡೆದದ್ದೇ ಮಂಗಳೂರಿನ ಸುರತ್ಕಲ್ ಬಳಿಯ ಎಂಆರ್‌ಪಿಎಲ್ ಶುದ್ಧೀಕರಣ ಕಾರ್ಖಾನೆಯಲ್ಲೂ ನಡೆಯಿತು.

ಮಂಗಳೂರಿನ ಮಾತು ಬಂದದ್ದು ಒಳ್ಳೆಯದೇ ಆಯಿತು. ಈ ಕಥೆಯ ಎರಡನೇ ಪಾತ್ರವೂ ಆ ಕಡೆಯದೇ. ಗೇರುಬೀಜವನ್ನು ಕೆಂಡಕ್ಕೆ ಹಾಕಿ ಸುಟ್ಟು ತಿಂದ ಕರಾವಳಿಯ ಮಕ್ಕಳಿಗೆ ಅದರ ಸಿಪ್ಪೆಯಿಂದ ಚಿಮ್ಮುವ ಎಣ್ಣೆಯ ಪರಿಚಯ ಇದ್ದೇ ಇದೆ. ಅದು ತಾಗಿದಲ್ಲಿ ಚರ್ಮ ಸುಟ್ಟು ಬೊಬ್ಬೆ ಏಳುತ್ತದೆ. ಗೇರುಬೀಜ ಕಾರ್ಖಾನೆಗಳಲ್ಲಿ ಸಿಪ್ಪೆ ಒಡೆಯುವ ಹೆಂಗಸರ ಬೆರಳುಗಳನ್ನು ಕಪ್ಪಾಗಿಸುವುದೂ ಅದೇ. ತಿರುಳು ಡಬ್ಬಿ ಸೇರಿದ ಮೇಲೆ ಉಳಿಯುವ ಸಿಪ್ಪೆಯನ್ನು ಹಿಂಡಿ ಆ ಎಣ್ಣೆ ತೆಗೆಯುತ್ತಾರೆ. ಮರ ಹುಳು ಹಿಡಿಯದಿರಲೆಂದು ದೋಣಿಗೆ ಬಳಿಯುವುದು ಹಳೆಯ ಬಳಕೆ. ವಾಹನಗಳ ಬ್ರೇಕ್ ಪಟ್ಟಿಗೆ ಬೇಕಾದ ರಾಳ ಮಾಡುವುದು ಕಾರ್ಖಾನೆಯ ಬಳಕೆ. ಈ ಎಣ್ಣೆಯನ್ನು ಕಾಯಿಸಿದಾಗ ಇಂಗಾಲದ ಡೈಆಕ್ಸೈಡ್ ಕಳೆದು ಸಿಗುವ ವಸ್ತುವಿಗೆ ಕಾರ್ಡನಾಲ್ ಎಂದು ಹೆಸರು.

ತೈಲ ಕಾರ್ಖಾನೆಯ ಗಂಧಕ ಮತ್ತು ಗೇರು ಸಿಪ್ಪೆಯ ಕಾರ್ಡನಾಲ್ ಒಂದೇ ಪಾತ್ರೆಯಲ್ಲಿ ಸೇರಿ ಬ್ಯಾಟರಿಯೊಳಗೆ ಹೋದ ಕೆಲಸದಲ್ಲಿ ಎರಡು ಪ್ರಯೋಗಾಲಯಗಳ ಪಾಲಿದೆ. ದೆಹಲಿ ಪಕ್ಕದ ಶಿವ ನಾಡಾರ್ ವಿಶ್ವವಿದ್ಯಾಲಯದ ಬಿಮಲೇಶ್ ಲೋಚಬ್ ಪಾಲಿಮರ್ ರಸಾಯನದವರು. ಮುಂಬೈಯ ಪೊವಾಯಿಯಲ್ಲಿರುವ ಐಐಟಿ ಬಾಂಬೆಯ ಸಾಗರ್ ಮಿತ್ರ ವಿದ್ಯುತ್ ರಸಾಯನದವರು. ಮಿತ್ರ ಅವರ ದಾರಿ ಬೆಂಗಳೂರಿನ ಮೂಲಕ ಹಾದುಬಂದದ್ದು. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎಸ್. ಸಂಪತ್ ಮತ್ತು ಎ. ಕೆ. ಶುಕ್ಲಾ ಅವರೊಡನೆ ಸೂಪರ್‌ಕೆಪಾಸಿಟರ್‌ಗಳ ಮೇಲೆ ದುಡಿದರು. ಅಲ್ಲಿಂದ ಫ್ರಾನ್ಸಿನ ಅಮಿಯಾ ನಗರದಲ್ಲಿ ಬ್ಯಾಟರಿ ವಿಜ್ಞಾನದ ದೊಡ್ಡ ಹೆಸರಾದ ಜಾನ್-ಮಾರಿ ತರಸ್ಕೋನ್ ಅವರ ಗುಂಪು. ನೆಟ್ಟಗೆ ನಿಂತ ತಾಮ್ರದ ಅತಿಸೂಕ್ಷ್ಮ ಕಡ್ಡಿಗಳಿಗೆ ಕಬ್ಬಿಣದ ಆಕ್ಸೈಡ್ ಲೇಪಿಸಿ ಬ್ಯಾಟರಿಯ ವೇಗ ಹೆಚ್ಚಿಸಿದ 2006ರ ಹೆಸರಾಂತ ಪ್ರಬಂಧದ ಲೇಖಕರಲ್ಲಿ ಅವರೂ ಒಬ್ಬರು. ಗಂಧಕ-ಕಾರ್ಡನಾಲ್ ಜೋಡಿಯ ಮೊದಲ ಪ್ರಬಂಧಗಳು 2016ರಲ್ಲಿ ಬಂದವು.

‘ಕಸದಿಂದ ರಸ’ ಎಂದು ಪತ್ರಿಕೆಗಳು ಇದನ್ನು ಕೊಂಡಾಡಿದವು. ಗಂಧಕವನ್ನು ಪೂರ್ತಿ ಕಸ ಎನ್ನುವುದು ಸರಿಯಲ್ಲ. ಗೊಬ್ಬರಕ್ಕೆ, ಸಲ್ಫ್ಯೂರಿಕ್ ಆಮ್ಲಕ್ಕೆ, ಟೈರಿಗೆ ಅದು ಬೇಕು, ಕಾರ್ಖಾನೆಗಳು ಅದನ್ನು ಮಾರುತ್ತವೆ. ಅದರ ಗುಣ ಬೇರೆ ಕಡೆ ಇದೆ. ಅದು ಅಗ್ಗ, ಹೇರಳ, ಮತ್ತು ಅದಕ್ಕಾಗಿ ಕಾಂಗೋದ ಕೋಬಾಲ್ಟ್ ಗಣಿಗಳಿಗೆ ಇಳಿಯಬೇಕಿಲ್ಲ.

ಆದರೆ ಗಂಧಕವೇ ಯಾಕೆ? ಇದಕ್ಕೆ ಉತ್ತರ ಹೈಸ್ಕೂಲಿನ ರಸಾಯನ ಪುಸ್ತಕದ ಪರಮಾಣು ತೂಕದ ಪಟ್ಟಿಯಲ್ಲೇ ಇದೆ. 

ಮೊಬೈಲಿನೊಳಗಿನ ಬ್ಯಾಟರಿಯಲ್ಲಿ ಇಷ್ಟು ಕಾಲ ದೊರೆಯಾಗಿದ್ದದ್ದು ಲಿಥಿಯಂ ಕೋಬಾಲ್ಟ್ ಆಕ್ಸೈಡ್. ಜಾನ್ ಗುಡ್‌ಇನಫ್ ಅವರ ಗುಂಪು 1980ರಲ್ಲಿ ಆಕ್ಸ್‌ಫರ್ಡ್‌ನಲ್ಲಿ ಅದನ್ನು ಕಂಡುಕೊಂಡಿತು, 1991ರಲ್ಲಿ ಸೋನಿ ಮಾರುಕಟ್ಟೆಗೆ ತಂದಿತು, 2019ರಲ್ಲಿ ಗುಡ್‌ಇನಫ್, ವಿಟಿಂಗ್‌ಹ್ಯಾಮ್, ಯೋಶಿನೊ ಮೂವರಿಗೂ ನೊಬೆಲ್ ಬಂತು. ಕೋಬಾಲ್ಟ್ ಮತ್ತು ಆಮ್ಲಜನಕ ಪದರ ಪದರವಾಗಿ ಕೂತಿರುತ್ತವೆ. ಪದರಗಳ ನಡುವೆ ಲಿಥಿಯಂ ಅಯಾನುಗಳು ಚಾರ್ಜ್ ಆಗುವಾಗ ಹೊರಗೆ, ಬಳಸುವಾಗ ಒಳಗೆ ಓಡಾಡುತ್ತವೆ. ಪದರಗಳ ತೂಕ ದಂಡ. ಅವುಗಳ ಕೆಲಸ ಜಾಗ ಕೊಡುವುದು ಮತ್ತು ಎಲೆಕ್ಟ್ರಾನು ಹಿಡಿಯುವುದು, ಅಷ್ಟೇ. ಒಂದು ಕೋಬಾಲ್ಟ್, ಎರಡು ಆಮ್ಲಜನಕ ಕೂಡಿದರೆ ತೂಕ 91. ಅದಕ್ಕೆ ಹೆಚ್ಚೆಂದರೆ ಒಂದು ಲಿಥಿಯಂ. ಎಲ್ಲವನ್ನೂ ಹೊರಗೆಳೆದರೆ ಪದರಗಳು ಕುಸಿಯುವುದರಿಂದ ಹಳೆಯ ಬ್ಯಾಟರಿಗಳಲ್ಲಿ ಬಳಕೆಗೆ ಸಿಕ್ಕಿದ್ದು ಹೆಚ್ಚುಕಡಿಮೆ ಅರ್ಧ. ಒಂದು ಲಿಥಿಯಂ ಓಡಾಡಲು 182ರಷ್ಟು ತೂಕ ಹೊತ್ತಂತಾಯಿತು.

ಗಂಧಕಕ್ಕೆ ಬರೋಣ. ಪರಮಾಣು ತೂಕ 32, ಹಿಡಿಯುವುದು ಎರಡು ಲಿಥಿಯಂ. ಒಂದೊಂದಕ್ಕೆ 16. ಹನ್ನೊಂದು ಪಟ್ಟು ಹಗುರ! ಗ್ರಾಮಿಗೆ 1,675 ಮಿಲಿ ಆಂಪಿಯರ್-ಗಂಟೆ ಎಂಬ ಬೆರಗಿನ ಅಂಕಿ ಬರುವುದು ಇಲ್ಲಿಂದಲೇ. ಕೋಬಾಲ್ಟ್ ಆಕ್ಸೈಡಿನಿಂದ ಸಿಗುವುದು 140ರ ಸುತ್ತಮುತ್ತ. ಇಲ್ಲಿಗೆ ನಿಲ್ಲಿಸಿದರೆ ಕಥೆ ಚೆನ್ನಾಗಿರುತ್ತದೆ, ಪ್ರಚಾರದವರು ಇಲ್ಲಿಗೇ ನಿಲ್ಲಿಸುತ್ತಾರೆ ಕೂಡ. ಆದರೆ ಶಕ್ತಿ ಎಂದರೆ ಚಾರ್ಜಿನ ಜೊತೆ ವೋಲ್ಟೇಜನ್ನೂ ಗುಣಿಸಬೇಕು. ಕೋಬಾಲ್ಟ್ ಆಕ್ಸೈಡಿನದು ನಾಲ್ಕು ವೋಲ್ಟಿನ ಆಸುಪಾಸು, ಗಂಧಕದ್ದು ಎರಡು ಚಿಲ್ಲರೆ. ಹನ್ನೊಂದು ಪಟ್ಟು ಅಲ್ಲಿಗೇ ಆರಕ್ಕೆ ಇಳಿಯಿತು. ಅದೂ ಒಂದು ಬದಿಯ ಲೆಕ್ಕ ಮಾತ್ರ. ಇನ್ನೊಂದು ಬದಿಯ ಲಿಥಿಯಂ, ನಡುವಿನ ದ್ರಾವಣ, ಹಾಳೆಗಳು, ಹೊರಗವಚ ಎಲ್ಲ ಸೇರಿದಾಗ ಇನ್ನೂ ಇಳಿಯುತ್ತದೆ. ಬ್ಯಾಟರಿ ಸಂಶೋಧನೆಯ ಬಗ್ಗೆ ಓದುವವರು ಮೊದಲು ಕಲಿಯಬೇಕಾದ ಕೌಶಲ ಇದೇ: ಯಾವ ಅಂಕಿ ಯಾವುದರ ತೂಕಕ್ಕೆ ಹೇಳಿದ್ದು ಎಂದು ಕೇಳುವುದು.

ಅಂಕಿಯ ಬೆಲೆ ರಸ್ತೆಯಲ್ಲಿ ಗೊತ್ತಾಗುತ್ತದೆ. ಮುಂಬೈಗೆ ವಿದ್ಯುತ್ ಸಂಚಾರ ಹೊಸದಲ್ಲ. 1907ರಲ್ಲಿ ಟ್ರಾಮ್, 1925ರಲ್ಲಿ ವಿಕ್ಟೋರಿಯಾ ಟರ್ಮಿನಸ್‌ನಿಂದ ಕುರ್ಲಾಗೆ ದೇಶದ ಮೊದಲ ವಿದ್ಯುತ್ ರೈಲು, 1962ರಿಂದ 1971ರವರೆಗೆ ಟ್ರಾಲಿಬಸ್ಸು. ಇವೆಲ್ಲ ತಲೆಯ ಮೇಲಿನ ತಂತಿಯಿಂದಲೇ ಕರೆಂಟು ಕುಡಿದವು, ಶಕ್ತಿಯ ಗಂಟನ್ನು ಬೆನ್ನ ಮೇಲೆ ಹೊರಲಿಲ್ಲ. 2023ರಲ್ಲಿ ಬೆಸ್ಟ್ ಸಂಸ್ಥೆ ಬೀದಿಗಿಳಿಸಿದ ಎಸಿ ಡಬಲ್ ಡೆಕ್ಕರ್ ಹೊರುತ್ತದೆ. ಅದರ ಬ್ಯಾಟರಿ 231 ಕಿಲೋವಾಟ್-ಗಂಟೆಯದು. ಗವಸು, ತಂಪಾಗಿಸುವ ಕೊಳವೆ ಎಲ್ಲ ಸೇರಿ ಕೆಜಿಗೆ 150 ವಾಟ್-ಗಂಟೆ ಎಂದು ಹಿಡಿದರೆ ಒಂದೂವರೆ ಟನ್ ಬ್ಯಾಟರಿ. ಕಟ್ಟುಮಸ್ತಾದ ಇಪ್ಪತ್ತು ಪ್ರಯಾಣಿಕರನ್ನು ಬೆಳಗಿನಿಂದ ರಾತ್ರಿಯವರೆಗೆ ಟಿಕೆಟ್ ಇಲ್ಲದೆ ಹೊತ್ತು ತಿರುಗಿದ ಹಾಗೆ.

ಹಾಗಾದರೆ ಗಂಧಕದ ಬ್ಯಾಟರಿ ಇಷ್ಟರಲ್ಲಿ ಬಂದಿರಬೇಕಿತ್ತಲ್ಲ? ಬಂದಿಲ್ಲ. ಗಂಧಕದ ಬುದ್ಧಿ ಕೆಟ್ಟದ್ದು.

ಮೊದಲನೆಯದಾಗಿ ಅದು ವಿದ್ಯುತ್ತನ್ನು ಹಾಯಿಸುವುದೇ ಇಲ್ಲ. ಎಲೆಕ್ಟ್ರಾನು ತಲುಪದ ಕಡೆ ರಾಸಾಯನಿಕ ಕ್ರಿಯೆಯೂ ಇಲ್ಲ, ಅದಕ್ಕೇ ಅದರ ಜೊತೆ ಇಂಗಾಲವನ್ನು ಅರೆದು ಬೆರೆಸಬೇಕು. ಎರಡನೆಯದಾಗಿ, ಲಿಥಿಯಂ ಸೇರಿ ಲಿಥಿಯಂ ಸಲ್ಫೈಡ್ ಆದಾಗ ಅದು ಸುಮಾರು 80 ಶೇಕಡಾ ಉಬ್ಬುತ್ತದೆ, ಚಾರ್ಜ್ ಮಾಡಿದರೆ ಮತ್ತೆ ಕುಗ್ಗುತ್ತದೆ. ನೂರಾರು ಸಲ ಹೀಗೆ ಉಬ್ಬಿ ಕುಗ್ಗಿದ ಲೇಪ ಹಾಳೆಯಿಂದ ಹೊಪ್ಪಳೆ ಎದ್ದು ಬರುತ್ತದೆ. ಇವೆರಡನ್ನು ಹೇಗೋ ಸಂಭಾಳಿಸಬಹುದು. ಮೂರನೆಯದು ಕಾಡುವಂಥದ್ದು.

ಗಂಧಕ ಪ್ರಕೃತಿಯಲ್ಲಿರುವುದು ಎಂಟು ಪರಮಾಣುಗಳ ಬಳೆಯಾಗಿ. ಲಿಥಿಯಂ ಬಂದು ಬಳೆಯನ್ನು ಒಡೆದಾಗ ಎಂಟು ಗಂಧಕಗಳ ಸರಪಣಿಯ ಎರಡು ತುದಿಗಳಲ್ಲಿ ಎರಡು ಲಿಥಿಯಂ ಕೂರುತ್ತವೆ. ಮತ್ತೆ ಲಿಥಿಯಂ ಬಂದಂತೆ ಸರಪಣಿ ಆರಕ್ಕೆ, ನಾಲ್ಕಕ್ಕೆ, ಎರಡಕ್ಕೆ ತುಂಡಾಗುತ್ತ ಕೊನೆಗೆ ಒಂದೊಂದು ಗಂಧಕಕ್ಕೆ ಎರಡೆರಡು ಲಿಥಿಯಂ ಆಗಿ ಮುಗಿಯುತ್ತದೆ. ಬ್ಯಾಟರಿ ಬರಿದಾಗುವಾಗ ವೋಲ್ಟೇಜಿನ ಗೆರೆಯಲ್ಲಿ ಇದು ಕಣ್ಣಿಗೇ ಕಾಣುತ್ತದೆ: 2.3 ವೋಲ್ಟಿನ ಹತ್ತಿರ ಒಂದು ಮೆಟ್ಟಿಲು, 2.1ರ ಹತ್ತಿರ ಇನ್ನೊಂದು ಉದ್ದನೆಯ ಮೆಟ್ಟಿಲು. ತೊಂದರೆ ಮೊದಲ ಮೆಟ್ಟಿಲಿನದು. ಆ ಉದ್ದ ಸರಪಣಿಗಳು ಬ್ಯಾಟರಿಯ ದ್ರಾವಣದಲ್ಲಿ ಕರಗಿಬಿಡುತ್ತವೆ. ಗಾಜಿನ ಸೀಸೆಯೊಳಗೆ ಇದನ್ನು ಮಾಡಿ ತೋರಿಸಿದರೆ ಬಣ್ಣವಿಲ್ಲದ ದ್ರಾವಣ ಹಳದಿಯಾಗಿ, ಆಮೇಲೆ ಕಂದುಗೆಂಪಾಗಿ ತಿರುಗುವುದು ಕಾಣುತ್ತದೆ. ಕರಗಿದ ಸರಪಣಿಗಳು ನಡುವಿನ ತೆಳು ಪ್ಲಾಸ್ಟಿಕ್ ಪರದೆಯ ರಂಧ್ರಗಳಲ್ಲಿ ನುಸುಳಿ ಆಚೆಯ ಲಿಥಿಯಂ ಲೋಹವನ್ನು ಮುಟ್ಟುತ್ತವೆ, ಅಲ್ಲೇ ನೇರವಾಗಿ ಕ್ರಿಯೆ ನಡೆಸಿ ಗಿಡ್ಡವಾಗಿ ಈಚೆ ಮರಳುತ್ತವೆ, ಇಲ್ಲಿ ಮತ್ತೆ ಉದ್ದವಾಗಿ ಆಚೆಗೆ ಹೊರಡುತ್ತವೆ. ಚಾರ್ಜರಿನಿಂದ ಕರೆಂಟು ಹರಿಯುತ್ತಲೇ ಇರುತ್ತದೆ, ಬ್ಯಾಟರಿ ತುಂಬುವುದೇ ಇಲ್ಲ. ಜೊತೆಗೆ ಒಂದಿಷ್ಟು ಗಂಧಕ ಆ ಬದಿಯಲ್ಲೇ ಅಂಟಿ ಕಾಯಂ ನಷ್ಟವಾಗುತ್ತದೆ.

ಗಂಧಕವನ್ನು ಇಂಗಾಲದ ರಂಧ್ರಗಳಲ್ಲಿ ತುಂಬಿ ಬಾಯಿ ಮುಚ್ಚುವುದು ಒಂದು ಉಪಾಯ, ಬಹಳ ಮಂದಿ ಹಿಡಿದದ್ದು ಅದೇ ದಾರಿ. ಲೋಚಬ್ ಮತ್ತು ಮಿತ್ರ ಹಿಡಿದ ದಾರಿ ಬೇರೆ. ಗಂಧಕವನ್ನು ಕೂಡಿಹಾಕುವ ಬದಲು ಅವರು ಅದನ್ನು ರಾಸಾಯನಿಕ ಬಂಧದಿಂದ ಕಟ್ಟಿದರು. ಗೂಟಕ್ಕೆ ಉದ್ದ ಹಗ್ಗದಿಂದ ಕಟ್ಟಿದ ದನ ಸುತ್ತಲಿನ ಹುಲ್ಲು ಮೇಯಬಲ್ಲದು, ಪಕ್ಕದ ಗದ್ದೆಗೆ ನುಗ್ಗಲಾರದು. ಗಂಧಕವೂ ಲಿಥಿಯಂ ಜೊತೆ ಸೇರಬೇಕು, ಬಿಡಬೇಕು, ಆದರೆ ಪರದೆ ದಾಟಬಾರದು.

ಈ ಉಪಾಯದ ಮೂಲ ಅಮೆರಿಕದ ಅರಿಜೋನಾ ವಿಶ್ವವಿದ್ಯಾಲಯದಲ್ಲಿದೆ. 1839ರಲ್ಲಿ ಚಾರ್ಲ್ಸ್ ಗುಡ್‌ಇಯರ್ ರಬ್ಬರಿಗೆ ಚೂರು ಗಂಧಕ ಬೆರೆಸಿ ಕಾಯಿಸಿ ಗಟ್ಟಿ ಮಾಡಿದ್ದು, ಅಂದರೆ ವಲ್ಕನೀಕರಣ, ಎಲ್ಲರಿಗೂ ಗೊತ್ತು. 2013ರಲ್ಲಿ ಜೆಫ್ರಿ ಪ್ಯುನ್ ಅವರ ಗುಂಪು ಅದನ್ನು ತಲೆಕೆಳಗು ಮಾಡಿತು. ಬಹುಪಾಲು ಗಂಧಕ, ಅದಕ್ಕೆ ಸ್ವಲ್ಪವೇ ಸ್ವಲ್ಪ ಸಾವಯವ ವಸ್ತು. ಗಂಧಕವನ್ನು ಕಾಯಿಸಿದರೆ 120 ಡಿಗ್ರಿ ಸೆಲ್ಸಿಯಸ್ ಹೊತ್ತಿಗೆ ಕರಗಿ ತಿಳಿಹಳದಿ ನೀರಾಗುತ್ತದೆ. 159 ಡಿಗ್ರಿ ದಾಟಿದ ಮೇಲೆ ಎಂಟರ ಬಳೆಗಳು ತೆರೆದು ಒಂದಕ್ಕೊಂದು ಕೂಡಿಕೊಂಡು ಉದ್ದುದ್ದ ಸರಪಣಿಗಳಾಗುತ್ತವೆ. ಹಳದಿ ಹೋಗಿ ಕೆಂಪು ಬರುತ್ತದೆ, ನೀರಿನಂತಿದ್ದದ್ದು ಪಾಕದಂತೆ ಮಂದವಾಗುತ್ತದೆ. ಹಾಗೇ ಆರಲು ಬಿಟ್ಟರೆ ಸರಪಣಿಗಳು ಬಿಚ್ಚಿ ಮತ್ತೆ ಹಳದಿ ಪುಡಿ. ಆದರೆ ಕೆಂಪಾಗಿರುವಾಗಲೇ ಇಂಗಾಲದ ಜೋಡಿ ಬಂಧಗಳಿರುವ ವಸ್ತುವೊಂದನ್ನು ಸುರಿದರೆ, ಸರಪಣಿಯ ತುದಿಗಳು ಆ ಜೋಡಿ ಬಂಧಗಳನ್ನು ಕಚ್ಚಿ ಹಿಡಿಯುತ್ತವೆ. ತಣಿದ ಮೇಲೆ ಸಿಗುವುದು ಕೆಂಪು ಗಾಜಿನಂಥ ಪ್ಲಾಸ್ಟಿಕ್.

ಪ್ಯುನ್ ಬಳಸಿದ್ದು ಪೆಟ್ರೋಲಿಯಂ ಮೂಲದ ರಾಸಾಯನಿಕ. ಗೇರು ಸಿಪ್ಪೆ ಒಳಬಂದದ್ದು ಈ ಜಾಗಕ್ಕೆ. ಕಾರ್ಡನಾಲ್ ಅಣುವಿನ ತಲೆ ಕಾರ್ಬಾಲಿಕ್ ಆಮ್ಲದಂಥ ಫೀನಾಲ್ ಬಳೆ, ಬಾಲ ಹದಿನೈದು ಇಂಗಾಲಗಳ ಉದ್ದನೆಯ ಸರ. ಆ ಬಾಲದಲ್ಲಿ ಒಂದೋ ಎರಡೋ ಮೂರೋ ಜೋಡಿ ಬಂಧಗಳನ್ನು ಗೇರು ಮರವೇ ಇಟ್ಟು ಕಳಿಸಿರುತ್ತದೆ. ತಲೆಯ ಕಡೆಯನ್ನು ಬೆನ್ಸಾಕ್ಸಜೀನ್ ಎಂಬ, ಬಿಸಿಗೆ ತಾನಾಗಿ ತೆರೆದು ಹೆಣೆದುಕೊಳ್ಳುವ ಬಳೆಯಾಗಿ ಮಾರ್ಪಡಿಸಿದ್ದು ಲೋಚಬ್ ಅವರ ಗುಂಪಿನ ಕೈಚಳಕ. ಬಾಲ ಗಂಧಕವನ್ನು ಹಿಡಿಯುತ್ತದೆ, ತಲೆ ಅಕ್ಕಪಕ್ಕದ ಅಣುಗಳನ್ನು ಹಿಡಿಯುತ್ತದೆ. ಲವಂಗದೆಣ್ಣೆಯಲ್ಲಿರುವ ಯೂಜೆನಾಲ್ ಜೊತೆಯೂ ಇದೇ ಆಟ ಆಡಿ ನೋಡಿದರು. ಹೀಗೆ ಸಿಕ್ಕ ಗಂಧಕದ ಪಾಲಿಮರನ್ನು ಗ್ರಾಫೀನ್ ಹಾಳೆಗಳ ಜೊತೆ ಬೆರೆಸಿ ವಿದ್ಯುತ್ ಹಾಯುವಂತೆ ಮಾಡಿ, ಬ್ಯಾಟರಿಯಾಗಿಸಿ ಪರೀಕ್ಷಿಸಿದ್ದು ಪೊವಾಯಿಯಲ್ಲಿ.

‘ಬ್ಯಾಟರಿಯಾಗಿಸಿ’ ಎಂದರೆ ಬಸ್ಸಿಗೆ ಹಾಕುವಂಥದ್ದಲ್ಲ. ಕಾರಿನ ಕೀಲಿಯೊಳಗೆ ಇರುವಂಥ ಬಟನ್ ಸೆಲ್, ಇಪ್ಪತ್ತು ಮಿಲಿಮೀಟರ್ ಅಗಲ, ಮೂರು ಮಿಲಿಮೀಟರ್ ಚಿಲ್ಲರೆ ದಪ್ಪ. ಜಗತ್ತಿನ ಬಹುಪಾಲು ಬ್ಯಾಟರಿ ಸಂಶೋಧನೆ ಮೊದಲು ನಡೆಯುವುದು ಈ ಬಿಲ್ಲೆಯೊಳಗೇ. ಗಂಧಕದ ಪುಡಿ, ಮಸಿಯಂಥ ಇಂಗಾಲ, ಅಂಟು ಮೂರನ್ನೂ ದ್ರಾವಕದಲ್ಲಿ ಅರೆದು, ಅಲ್ಯೂಮಿನಿಯಂ ಹಾಳೆಯ ಮೇಲೆ ಅಲಗಿನಿಂದ ಒಂದೇ ಸಮ ಎಳೆಯುತ್ತಾರೆ. ಒಣಗಿಸುವಾಗ ಹೆಚ್ಚು ಬಿಸಿ ಮಾಡುವಂತಿಲ್ಲ, ಗಂಧಕ ಆವಿಯಾಗಿ ಹಾರಿಹೋಗುತ್ತದೆ. 60 ಡಿಗ್ರಿಯ ಸುಮಾರಿಗೆ, ನಿರ್ವಾತದಲ್ಲಿ, ನಿಧಾನವಾಗಿ. ಒಣಗಿದ ಹಾಳೆಯಿಂದ ಬಿಲ್ಲೆಗಳನ್ನು ಕತ್ತರಿಸಿ ತೂಗುತ್ತಾರೆ, ಮಿಲಿಗ್ರಾಮಿನ ದಶಾಂಶಗಳವರೆಗೆ. ಗ್ರಾಮಿಗೆ ಇಷ್ಟು ಎಂಬ ಎಲ್ಲ ಅಂಕಿಗಳ ಹಿಂದೆ ಇರುವುದು ಈ ಮಿಲಿಗ್ರಾಮುಗಳೇ.

ಮುಂದಿನ ಕೆಲಸ ಗ್ಲೋವ್ ಬಾಕ್ಸಿನೊಳಗೆ. ಆರ್ಗಾನ್ ಅನಿಲ ತುಂಬಿದ ಗಾಜುಮುಖದ ಪೆಟ್ಟಿಗೆ, ಮುಂಗೈ ದಾಟಿ ಭುಜದವರೆಗೆ ಬರುವ ಕರಿ ರಬ್ಬರಿನ ಕೈಗವಸುಗಳನ್ನು ಅದರೊಳಕ್ಕೆ ಚಾಚಿ ಕೂರಿಸಿರುತ್ತಾರೆ. ಒಳಗೆ ನೀರಿನ ಆವಿ ಹತ್ತು ಲಕ್ಷಕ್ಕೆ ಒಂದು ಪಾಲಿಗಿಂತ ಕಡಿಮೆ ಇರಬೇಕು, ಯಾಕೆಂದರೆ ಲಿಥಿಯಂ ಲೋಹ ತೇವ ಕಂಡರೆ ಮಸುಕಾಗಿ ಕೆಡುತ್ತದೆ. ಹೊರಗೆ ಎರಡು ಮೀಟರಿಗೂ ಮಿಕ್ಕಿ ಮಳೆ ಸುರಿಸುವ ಮುಂಬೈಯ ಮುಂಗಾರು. ಗೋಡೆಗೂ ಬೆವರು ಬರುವ ಜುಲೈ ತಿಂಗಳಲ್ಲಿ ಗಾಜಿನ ಈಚೆ ಮತ್ತು ಆಚೆಯ ತೇವದ ನಡುವೆ ಹತ್ತಾರು ಸಾವಿರ ಪಟ್ಟು ಅಂತರ. ದಪ್ಪ ಗವಸಿನ ಬೆರಳುಗಳಲ್ಲಿ ಚಿಮಟ ಹಿಡಿದು ಒಂದರ ಮೇಲೊಂದು ಜೋಡಿಸಬೇಕು: ಗಂಧಕದ ಬಿಲ್ಲೆ, ಪರದೆ, ಎಣಿಸಿದಷ್ಟು ಹನಿ ದ್ರಾವಣ, ಲಿಥಿಯಂ ಬಿಲ್ಲೆ, ಸ್ಪ್ರಿಂಗು, ಮುಚ್ಚಳ. ಆಮೇಲೆ ಒತ್ತುಯಂತ್ರದಲ್ಲಿಟ್ಟು ಅಂಚು ಮಡಚಬೇಕು. ಲಿಥಿಯಂ ಬಿಲ್ಲೆ ಒಂದು ಕೂದಲೆಳೆ ಪಕ್ಕಕ್ಕೆ ಸರಿದಿದ್ದರೂ ಸೆಲ್ ವಿಚಿತ್ರವಾಗಿ ವರ್ತಿಸುತ್ತದೆ, ಕಾರಣ ಒಡೆದು ನೋಡುವ ತನಕ ತಿಳಿಯುವುದಿಲ್ಲ.

ಆ ಮೇಲೆ ಕಾಯುವುದು. ಐದು ಗಂಟೆ ಚಾರ್ಜು, ಐದು ಗಂಟೆ ಖಾಲಿ ಎಂಬ ಸೌಮ್ಯ ವೇಗದಲ್ಲಿ 500 ಸುತ್ತು ಓಡಿಸಲು 5,000 ಗಂಟೆ ಬೇಕು, ಸುಮಾರು ಏಳು ತಿಂಗಳು. ಪಿಎಚ್‌ಡಿ ವಿದ್ಯಾರ್ಥಿಯ ಪಾಲಿಗೆ ಒಂದು ಪಾಕದ ತಪ್ಪುಒಪ್ಪು ಗೊತ್ತಾಗುವಷ್ಟರಲ್ಲಿ ಒಂದು ಮಳೆಗಾಲ ಕಳೆದು ಚಳಿಗಾಲ ಬಂದಿರುತ್ತದೆ. ವೇಗ ಹೆಚ್ಚಿಸಿ ಬೇಗ ಮುಗಿಸಬಹುದು, ಆದರೆ ಗಂಧಕಕ್ಕೆ ಕರಗಿ ಅಲೆಯಲು ಸಮಯವೇ ಸಿಗದೆ ಫಲಿತಾಂಶ ಇರುವುದಕ್ಕಿಂತ ಚೆಂದ ಕಾಣುತ್ತದೆ. ಪ್ರಬಂಧ ಓದುವ ಅನುಭವಿಗಳು ಅದಕ್ಕೇ ಸುತ್ತಿನ ಸಂಖ್ಯೆಗಿಂತ ಮೊದಲು ವೇಗ ಎಷ್ಟೆಂದು ನೋಡುತ್ತಾರೆ.

2020ರಲ್ಲಿ ಈ ಕೆಲಸ ಸುದ್ದಿಯಾದಾಗ, ಒಂದು ಚಾರ್ಜಿಗೆ 400 ಕಿಲೋಮೀಟರ್ ಓಡುವ ಕಾರು ಇನ್ನು 1,600 ಕಿಲೋಮೀಟರ್ ಓಡುತ್ತದೆ ಎಂಬ ಮಾತೂ ಪತ್ರಿಕೆಗಳಲ್ಲಿ ಬಂತು. ಮುಂಬೈಯಲ್ಲಿ ಹೊರಟು ಬೆಂಗಳೂರು ಮುಟ್ಟಿ, ಅರ್ಧಕ್ಕಿಂತ ಹೆಚ್ಚು ದಾರಿ ಹಿಂದಕ್ಕೂ ಬರಬಹುದು ಎಂದಂತೆ. ಬಟನ್ ಸೆಲ್ಲಿನಿಂದ ಕಾರಿಗೆ ಹಾರಿದ ಈ ಲೆಕ್ಕವನ್ನು ಪಕ್ಕಕ್ಕಿಡುವುದೇ ವಾಸಿ. ಬಟನ್ ಸೆಲ್ ಹಲವು ತೊಂದರೆಗಳನ್ನು ಮುಚ್ಚಿಡುತ್ತದೆ. ಅದರಲ್ಲಿ ಗಂಧಕದ ಲೇಪ ತೆಳು, ಚದರ ಸೆಂಟಿಮೀಟರಿಗೆ ಒಂದೆರಡು ಮಿಲಿಗ್ರಾಮು. ನಿಜವಾದ ಬ್ಯಾಟರಿಗೆ ಐದಾದರೂ ಬೇಕು. ದ್ರಾವಣವನ್ನು ಧಾರಾಳವಾಗಿ ಹಾಕಿರುತ್ತಾರೆ, ನಿಜವಾದ ಬ್ಯಾಟರಿಯಲ್ಲಿ ದ್ರಾವಣದ ಪ್ರತಿ ಗ್ರಾಮೂ ತೂಕ. ಲಿಥಿಯಂ ಬೇಕಾದ್ದಕ್ಕಿಂತ ಹತ್ತಾರು ಪಟ್ಟು ಇರುತ್ತದೆ, ಅದು ಹಾಳಾಗುತ್ತಿದ್ದರೂ ಹೊರಗೆ ಗೊತ್ತಾಗುವುದಿಲ್ಲ. ಗಂಧಕವನ್ನು ಗೂಟಕ್ಕೆ ಕಟ್ಟಿದರೂ ಎದುರು ಬದಿಯ ಲಿಥಿಯಂ ಲೋಹ ಚಾರ್ಜ್ ಆಗುವಾಗಲೆಲ್ಲ ಮುಳ್ಳುಮುಳ್ಳಾಗಿ ಬೆಳೆಯುವ ಚಾಳಿ ಬಿಟ್ಟಿಲ್ಲ. ಜೊತೆಗೆ ಗಂಧಕ ಹಗುರವೇ ಹೊರತು ಕಿರಿದಲ್ಲ. ಅದೇ ಶಕ್ತಿಗೆ ಜಾಗ ಹೆಚ್ಚು ಬೇಕು. ಕಾರಿನಲ್ಲಿ ತೂಕದಷ್ಟೇ ಜಾಗವೂ ದುಬಾರಿ.

ತೂಕ ಮಾತ್ರ ಮುಖ್ಯ, ಜಾಗ ಇದ್ದೇ ಇದೆ ಎಂಬ ಕಡೆ ಗಂಧಕ ಗೆದ್ದದ್ದುಂಟು. 2010ರ ಜುಲೈನಲ್ಲಿ ಜೆಫಿರ್ ಎಂಬ ಚಾಲಕರಹಿತ ಸೌರ ವಿಮಾನ ಅರಿಜೋನಾದ ಮೇಲೆ ಹದಿನಾಲ್ಕು ದಿನ ಇಳಿಯದೆ ಹಾರಿತು. ರಾತ್ರಿಗಳನ್ನು ಅದು ಕಳೆದದ್ದು ಸಯಾನ್ ಪವರ್ ಕಂಪನಿಯ ಲಿಥಿಯಂ-ಗಂಧಕ ಬ್ಯಾಟರಿಗಳ ಬಲದಿಂದ. ಆದರೆ ಮುಂದಿನ ತಲೆಮಾರಿನ ಜೆಫಿರ್‌ಗಳು ಸಿಲಿಕಾನ್ ಬಳಸುವ ಲಿಥಿಯಂ-ಅಯಾನು ಬ್ಯಾಟರಿಗೆ ವಾಲಿದವು. ಇಂಗ್ಲೆಂಡಿನಲ್ಲಿ ಲಿಥಿಯಂ-ಗಂಧಕವನ್ನೇ ನಂಬಿ ನಿಂತಿದ್ದ ಆಕ್ಸಿಸ್ ಎನರ್ಜಿ 2021ರಲ್ಲಿ ಬಾಗಿಲು ಹಾಕಿತು. ಕೆಜಿಗೆ 400 ವಾಟ್-ಗಂಟೆ ದಾಟಿದ ಸೆಲ್‌ಗಳು ಅವರ ಕೈಯಲ್ಲಿದ್ದವು. ಬಾಳಿಕೆ ಇರಲಿಲ್ಲ.

ಇದಕ್ಕೆ ವಿರುದ್ಧ ದಿಕ್ಕಿನ ಉದಾಹರಣೆಯೂ ಇದೆ. 1997ರಲ್ಲಿ ಟೆಕ್ಸಾಸಿನ ಆಸ್ಟಿನ್‌ನಿಂದ ಲಿಥಿಯಂ ಕಬ್ಬಿಣದ ಫಾಸ್ಫೇಟ್ ಬಗ್ಗೆ ಪ್ರಬಂಧವೊಂದು ಬಂತು. ಲೇಖಕರು ಮೂವರು: ಪಾಢಿ, ನಂಜುಂಡಸ್ವಾಮಿ, ಗುಡ್‌ಇನಫ್. ನಡುವಿನವರಾದ ಕೆ. ಎಸ್. ನಂಜುಂಡಸ್ವಾಮಿ ಅದಕ್ಕೆ ಮೊದಲು ಬೆಂಗಳೂರಿನ ವಿಜ್ಞಾನ ಸಂಸ್ಥೆಯಲ್ಲಿ ಜೆ. ಗೋಪಾಲಕೃಷ್ಣನ್, ಸಿ. ಎನ್. ಆರ್. ರಾವ್ ಅವರ ಜೊತೆ ಆಕ್ಸೈಡುಗಳ ಮೇಲೆ ಕೆಲಸ ಮಾಡಿದವರು. ಅವರು ವರದಿ ಮಾಡಿದ ವಸ್ತುವಿನ ಅಂಕಿಗಳು ಯಾರನ್ನೂ ಬೆರಗುಗೊಳಿಸುವಂತಿರಲಿಲ್ಲ. ಗ್ರಾಮಿಗೆ 170 ಮಿಲಿ ಆಂಪಿಯರ್-ಗಂಟೆ ಅದರ ಗರಿಷ್ಠ ಮಿತಿ, ಅದರಲ್ಲೂ ಮೊದಲ ಪ್ರಯೋಗಗಳಲ್ಲಿ ಪೂರ್ತಿ ಸಿಗಲಿಲ್ಲ, ವಿದ್ಯುತ್ ಹಾಯಿಸುವುದೂ ಕಷ್ಟವೇ. ಆದರೆ ಕಬ್ಬಿಣ ಅಗ್ಗ, ರಂಜಕ ಆಮ್ಲಜನಕವನ್ನು ಬಿಗಿಯಾಗಿ ಹಿಡಿದಿರುವುದರಿಂದ ಬೆಂಕಿಯ ಭಯ ಕಡಿಮೆ, ಸಾವಿರಾರು ಸುತ್ತಿಗೂ ಅದರ ಹಂದರ ಅಲುಗುವುದಿಲ್ಲ. ಇಂದು ರಸ್ತೆಯಲ್ಲಿರುವ ಎಷ್ಟೋ ವಿದ್ಯುತ್ ರಿಕ್ಷಾ, ಕಾರು, ಬಸ್ಸುಗಳ ಹೊಟ್ಟೆಯಲ್ಲಿರುವುದು ಅದೇ. ಬ್ಯಾಟರಿಯ ಪಂದ್ಯದಲ್ಲಿ ಒಂದು ವಿಷಯಕ್ಕೆ ನೂರಕ್ಕೆ ನೂರು ತೆಗೆದವನಿಗಿಂತ ಎಲ್ಲದರಲ್ಲೂ ಅರವತ್ತು ತೆಗೆದವನು ಮುಂದೆ ಬಂದ.

ಗಂಧಕದ ಬ್ಯಾಟರಿ ಗೆದ್ದರೂ ಲಿಥಿಯಂ ಬೇಕೇ ಬೇಕು, ಅದೂ ಲೋಹವಾಗಿ. ನಮ್ಮಲ್ಲಿ ಲಿಥಿಯಂ ಎಷ್ಟಿದೆ ಎಂಬುದೂ ಕುಗ್ಗುವ ಅಂಕಿಗಳ ಇನ್ನೊಂದು ಕಥೆ. ಮಂಡ್ಯ ಜಿಲ್ಲೆಯ ಮರಳಗಾಲ-ಅಲ್ಲಾಪಟ್ಟಣ ಸುತ್ತ 14,100 ಟನ್ ಇದೆ ಎಂದು 2020ರಲ್ಲಿ ಸುದ್ದಿಯಾಗಿ ಊರೆಲ್ಲ ಹಬ್ಬ ಮಾಡಿತು. ಮರುವರ್ಷ ಪರಮಾಣು ಖನಿಜ ನಿರ್ದೇಶನಾಲಯದ ಸಮೀಕ್ಷೆಯ ಅಂಕಿ ಸಂಸತ್ತಿನ ಮುಂದೆ ಬಂದಾಗ ಅದು 1,600 ಟನ್, ಅದೂ ಅಂದಾಜಿನ ಮೊದಲ ಹಂತದ್ದು.

ಲಿಥಿಯಂ ಇಲ್ಲದಿದ್ದರೆ ಸೋಡಿಯಂ ಆಗದೇ ಎಂಬ ಪ್ರಶ್ನೆಯನ್ನು ಪೊವಾಯಿಯಲ್ಲಿ ಹಲವರು ಕೈಗೆತ್ತಿಕೊಂಡಿದ್ದಾರೆ. ಕ್ಯಾಂಪಸ್ಸಿನಿಂದ ಪೂರ್ವಕ್ಕೆ ಸ್ವಲ್ಪವೇ ದೂರದಲ್ಲಿ, ಕಾಂಜೂರ್‌ಮಾರ್ಗ್-ಭಾಂಡುಪ್ ಕಡೆ, ಉಪ್ಪಿನಗದ್ದೆಗಳಿವೆ. ಭೂಮಿಯ ಹೊರಪದರದಲ್ಲಿ ಸೋಡಿಯಂ ಲಿಥಿಯಮ್ಮಿಗಿಂತ ಸಾವಿರ ಪಟ್ಟು ಹೇರಳ. ತಾಮ್ರದ ಹಾಳೆಯ ಬದಲು ಎರಡೂ ಬದಿಗೆ ಅಗ್ಗದ ಅಲ್ಯೂಮಿನಿಯಂ ಸಾಕು. ತೊಡಕೆಂದರೆ ಸೋಡಿಯಂ ಅಯಾನಿನ ಗಾತ್ರ ದೊಡ್ಡದು, ತೂಕವೂ ಹೆಚ್ಚು. ಅದರ ಪದರ ಆಕ್ಸೈಡುಗಳು ಗಾಳಿಯ ತೇವಕ್ಕೇ ಕೆಡುತ್ತವೆ. ಐಐಟಿ ಬಾಂಬೆಯದೇ ಲೋಹವಿಜ್ಞಾನ ವಿಭಾಗದ ಅಮರ್ತ್ಯ ಮುಖೋಪಾಧ್ಯಾಯ ಅವರ ಗುಂಪು 2020ರ ಸುಮಾರಿಗೆ ನೀರನ್ನೇ ದ್ರಾವಕವಾಗಿ ಬಳಸಿ ಲೇಪ ಮಾಡಬಲ್ಲಂಥ, ನೀರಿಗೆ ಕೆಡದ ಸೋಡಿಯಂ ಆಕ್ಸೈಡುಗಳನ್ನು ರೂಪಿಸಿತು. ಕಾರ್ಖಾನೆಯಲ್ಲಿ ವಿಷಕಾರಿ ದ್ರಾವಕದ ಬದಲು ನೀರು ಎಂದರೆ ಸಣ್ಣ ಸಂಗತಿಯಲ್ಲ, ಮುಂಬೈಯಂಥ ತೇವದ ಊರಿನಲ್ಲಂತೂ ಅಲ್ಲವೇ ಅಲ್ಲ. ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರೂ ಕೇಂದ್ರದ ಪ್ರೇಮ್‌ಕುಮಾರ್ ಸೆಂಗುಟ್ಟುವನ್ ಅವರ ಗುಂಪು 2025ರಲ್ಲಿ ಆರು ನಿಮಿಷದಲ್ಲಿ 80 ಶೇಕಡಾ ತುಂಬುವ ಸೋಡಿಯಂ ಬ್ಯಾಟರಿಯನ್ನು ಪ್ರಕಟಿಸಿತು. ಉದ್ಯಮವೂ ಸುಮ್ಮನಿಲ್ಲ. ಮುಂಬೈಯ ರಿಲಯನ್ಸ್ ಇಂಗ್ಲೆಂಡಿನ ಫ್ಯಾರಾಡಿಯನ್ ಎಂಬ ಸೋಡಿಯಂ ಕಂಪನಿಯನ್ನು ಕೊಳ್ಳುವುದಾಗಿ 2021ರ ಕೊನೆಯ ದಿನ ಸಾರಿತು.

ಮಿತ್ರ ಅವರ ಗುಂಪು ಎರಡನ್ನೂ ಕೂಡಿಸಿ, ಒಂದು ಬದಿ ಸೋಡಿಯಂ, ಇನ್ನೊಂದು ಬದಿ ಗಂಧಕ ಇಟ್ಟು ನೋಡಿದೆ. ಈ ಜೋಡಿ ಹಳೆಯದೇ. 1960ರ ದಶಕದಲ್ಲಿ ಫೋರ್ಡ್ ಕಂಪನಿ ಶುರುಮಾಡಿದ್ದು, ಜಪಾನಿನ ಎನ್‌ಜಿಕೆ ಮಾರುತ್ತಿದ್ದದ್ದು. ಆದರೆ ಅವು ಓಡುವುದು 300 ಡಿಗ್ರಿ ಬಿಸಿಯಲ್ಲಿ, ಎರಡೂ ವಸ್ತುಗಳನ್ನು ಕರಗಿಸಿಟ್ಟು. ವಿದ್ಯುತ್ ಕೇಂದ್ರದ ಅಂಗಳಕ್ಕೆ ಸರಿ, ಬಸ್ಸಿನ ತಳಕ್ಕೆ ಆಗದು. ಕೋಣೆಯ ತಾಪದಲ್ಲೇ ಓಡಬಲ್ಲ ಸೋಡಿಯಂ-ಗಂಧಕ ಸೆಲ್ಲಿಗಾಗಿ, ಅಂಟಿಲ್ಲದೆ ತಾನಾಗಿ ನಿಲ್ಲುವ, ಗಂಧಕದ ಬದಿಯ ಕ್ಯಾಥೋಡೊಂದನ್ನು ಆಸ್ಟ್ರೇಲಿಯಾದ ಮೊನಾಶ್ ವಿಶ್ವವಿದ್ಯಾಲಯದವರ ಜೊತೆ ಸೇರಿ ಮಾಡಿ 2019ರಲ್ಲಿ ಪ್ರಕಟಿಸಿದರು. ಇಲ್ಲಿಯೂ ಸರಪಣಿಗಳು ಕರಗುತ್ತವೆ, ಪರದೆ ದಾಟುತ್ತವೆ. ಲಿಥಿಯಂ ಸೇರಿದಾಗ 80 ಶೇಕಡಾ ಉಬ್ಬುತ್ತಿದ್ದ ಗಂಧಕ, ದೊಡ್ಡ ಗಾತ್ರದ ಸೋಡಿಯಂ ಪೂರ್ತಿ ತುಂಬಿಕೊಂಡಾಗ 170 ಶೇಕಡಾ ಉಬ್ಬುತ್ತದೆ. ಅಷ್ಟು ಹಿಗ್ಗಿಯೂ ಹರಿಯದ ಹಂದರ ಯಾವುದು ಎಂಬುದೂ ಇಲ್ಲಿನ ತಲೆನೋವು.